ಡೊರೊಥಿ ಡ್ಯಾಂಡ್ರಿಜ್: ನಾಮಿನೇಷನ್ ಕೊಟ್ಟರು, ಪಾತ್ರ ಕೊಡಲಿಲ್ಲ

 

ಮೊನ್ನೆ ಭಾನುವಾರ ನಮ್ಮ ಓದು ಬಳಗದಲ್ಲಿ 'ಕಾರ್ಮೆನ್ ಜೋನ್ಸ್' ಸಿನಿಮಾ ಹಾಕಿದ್ವಿ. 1954ರ ಹಾಲಿವುಡ್ ಸಿನಿಮಾ, ಪೂರ್ತಿ ಕಪ್ಪು ಕಲಾವಿದರೇ ನಟಿಸಿದ್ದು. ಮುಗಿದ ಮೇಲೆ ಒಬ್ಬ ತಮ್ಮ ಮೊಬೈಲಲ್ಲಿ ನಾಯಕಿ ಬಗ್ಗೆ ಹುಡುಕಿ, "ಪಾಪ ಕಣಕ್ಕ, ಮದುವೆ ಮುರಿದು, ದಿವಾಳಿಯಾಗಿ, 42ಕ್ಕೇ ತೀರಿಕೊಂಡಳಂತೆ. ಹಣೆಬರಹ" ಅಂದ. ಆ ತಮ್ಮನ ಮೇಲೆ ಕೋಪ ಇಲ್ಲ. ಆದರೆ ಆ 'ಹಣೆಬರಹ' ಅನ್ನೋ ಮಾತು ಇದೆಯಲ್ಲ, ಅದನ್ನು ನಮ್ಮ ಅಜ್ಜಿಯರ ಕಾಲದಿಂದ ಕೇಳಿ ಸಾಕಾಗಿದೆ. ಅದಕ್ಕೇ ಇದನ್ನ ಬರೀತಿದೀನಿ.

ಡೊರೊಥಿ ಡ್ಯಾಂಡ್ರಿಜ್ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ತಾಯಿ ರೂಬಿ ಕೂಡ ಕಲಾವಿದೆ. ಡೊರೊಥಿ ಮತ್ತು ಅಕ್ಕ ವಿವಿಯನ್ ಪುಟ್ಟ ಮಕ್ಕಳಿದ್ದಾಗಲೇ 'ವಂಡರ್ ಚಿಲ್ಡ್ರನ್' ಅನ್ನೋ ಹೆಸರಲ್ಲಿ ದಕ್ಷಿಣದ ರಾಜ್ಯಗಳ ಚರ್ಚುಗಳಲ್ಲಿ ಹಾಡಿ, ಕುಣಿದು ಮನೆ ನಡೆಸಿದರು. ಆಮೇಲೆ ನ್ಯೂಯಾರ್ಕಿನ ಕಾಟನ್ ಕ್ಲಬ್. ಅಲ್ಲಿ ಸ್ಟೇಜ್ ಮೇಲಿದ್ದವರು ಕಪ್ಪು ಜನ, ಕೆಳಗೆ ಟೇಬಲ್ ಹಾಕಿಕೊಂಡು ಕೂತವರು ಬಿಳಿಯರು. ಹಾಡು ಬೇಕು, ಹಾಡುವವರ ಪಕ್ಕ ಕೂರೋದು ಬೇಡ. ಈ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಗ ಹಾಲಿವುಡ್‌ನಲ್ಲಿ ಕಪ್ಪು ಹೆಣ್ಣಿಗೆ ಸಿಗುತ್ತಿದ್ದುದು ಮುಖ್ಯವಾಗಿ ಮನೆಗೆಲಸದವಳ ಪಾತ್ರ. ಹ್ಯಾಟಿ ಮೆಕ್‌ಡೇನಿಯಲ್ ಅಂಥದ್ದೇ ಪಾತ್ರಕ್ಕೆ 1940ರಲ್ಲಿ ಆಸ್ಕರ್ ಗೆದ್ದರು. ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಆ ರಾತ್ರಿಯೂ ಅವರನ್ನು ಸಹನಟರ ಜೊತೆ ಕೂರಿಸಲಿಲ್ಲ, ಬೇರೆ ಟೇಬಲ್ ಹಾಕಿದರು.

ಡೊರೊಥಿಗೆ ಕೆಲಸದವಳ ಪಾತ್ರ ಬೇಡವಾಗಿತ್ತು. 1953ರಲ್ಲಿ 'ಬ್ರೈಟ್ ರೋಡ್' ಸಿಕ್ಕಿತು. ಮೇರಿ ಎಲಿಜಬೆತ್ ವ್ರೋಮನ್ ಅನ್ನೋ ಕಪ್ಪು ಶಿಕ್ಷಕಿ ಬರೆದ ಕಥೆ. ಅದರಲ್ಲಿ ಡೊರೊಥಿ ಒಬ್ಬ ಮೇಷ್ಟ್ರಮ್ಮ. ಗಲ್ಲಾಪೆಟ್ಟಿಗೆ ತುಂಬಲಿಲ್ಲ.

ಮರುವರ್ಷ 'ಕಾರ್ಮೆನ್ ಜೋನ್ಸ್'. ನಿರ್ದೇಶಕ ಒಟ್ಟೊ ಪ್ರೆಮಿಂಜರ್ ಮೊದಲು ಒಪ್ಪಲಿಲ್ಲ. ನೀನು ತುಂಬಾ ನಾಜೂಕು, ಕಾರ್ಮೆನ್‌ಗೆ ಹೊಂದಲ್ಲ, ಸಿಂಡಿ ಲೂ ಅನ್ನೋ ಸಾಧು ಹುಡುಗಿ ಪಾತ್ರ ಮಾಡು ಅಂದರು. ಡೊರೊಥಿ ವಿಗ್ ಹಾಕಿ, ಬಟ್ಟೆ ಬದಲಿಸಿ, ನಡಿಗೆ ಬದಲಿಸಿ ಮತ್ತೆ ಹೋಗಿ ಪಾತ್ರ ಗೆದ್ದುಕೊಂಡಳು.

ಇನ್ನೊಂದು ವಿಷಯ ಹೇಳಲೇಬೇಕು. ಬಾಲ್ಯದಿಂದ ಹಾಡಿಯೇ ಹೊಟ್ಟೆ ಹೊರೆದ ಈ ಹೆಣ್ಣಿನ ಹಾಡಿನ ದನಿಯನ್ನು ಆ ಸಿನಿಮಾದಲ್ಲಿ ತೆಗೆದುಹಾಕಿದರು. ಹಾಡಿದ್ದು ಮ್ಯಾರಿಲಿನ್ ಹಾರ್ನ್, 20 ವರ್ಷದ ಬಿಳಿ ಹುಡುಗಿ. ನ್ಯಾಯವಾಗಿ ಹೇಳೋಣ: ಸಂಗೀತ ಬಿಜೆಯ ಒಪೆರಾದ್ದು, ಅದಕ್ಕೆ ಒಪೆರಾ ಕಂಠವೇ ಬೇಕು ಅನ್ನೋದು ಅವರ ಕಾರಣ. ನಾಯಕ ಹ್ಯಾರಿ ಬೆಲಫಾಂಟೆಗೂ ಬೇರೆಯವರೇ ಹಾಡಿದರು. ಆದರೆ ಕಪ್ಪು ಜನರದೇ ಅಂತ ಮಾರಿದ ಸಿನಿಮಾದ ಕಪ್ಪು ನಾಯಕಿಗೆ ಬಿಳಿ ಕಂಠ ಅಂಟಿಸಿದ್ದು ಸಣ್ಣ ಮಾತಲ್ಲ.

ಆದರೂ ಸಿನಿಮಾ ಗೆದ್ದಿತು. 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಡೊರೊಥಿ ಫೋಟೊ ಬಂತು. 1955ರಲ್ಲಿ ಅತ್ಯುತ್ತಮ ನಟಿ ವಿಭಾಗಕ್ಕೆ ಆಸ್ಕರ್ ನಾಮಿನೇಷನ್. ನಾಯಕಿಯಾಗಿ ಅಲ್ಲಿಗೆ ತಲುಪಿದ ಮೊದಲ ಕಪ್ಪು ಹೆಣ್ಣು. ಪ್ರಶಸ್ತಿ ಗ್ರೇಸ್ ಕೆಲ್ಲಿಗೆ ಹೋಯಿತು. ಹೋಗಲಿ, ಅದು ಸ್ಪರ್ಧೆ.

ನಾನು ಕೇಳೋದು ಆಮೇಲಿನ ಲೆಕ್ಕ. ಗ್ರೇಸ್ ಕೆಲ್ಲಿ 1956ರೊಳಗೆ 'ಟು ಕ್ಯಾಚ್ ಎ ಥೀಫ್', 'ದಿ ಸ್ವಾನ್', 'ಹೈ ಸೊಸೈಟಿ' ಮಾಡಿದಳು. ಡೊರೊಥಿಗೆ 20ತ್ ಸೆಂಚುರಿ ಫಾಕ್ಸ್ ಕಂಪನಿಯ ಒಪ್ಪಂದ ಇತ್ತು. ಆದರೂ ಮುಂದಿನ ಸಿನಿಮಾ ತೆರೆಗೆ ಬಂದಿದ್ದು 1957ರಲ್ಲಿ! ನಡುವೆ 'ದಿ ಕಿಂಗ್ ಅಂಡ್ ಐ'ನಲ್ಲಿ ಟಪ್ಟಿಮ್ ಪಾತ್ರ ಬಂದಿತ್ತು. ರಾಜನಿಗೆ ಕಾಣಿಕೆಯಾಗಿ ಕೊಟ್ಟ ಹುಡುಗಿ, ಅದೂ ಪೋಷಕ ಪಾತ್ರ. ಬೇಡ ಅಂದಳು. ಅದು ರೀಟಾ ಮೊರೆನೊಗೆ ಹೋಯಿತು.

ಯಾಕೆ ಪಾತ್ರ ಇರಲಿಲ್ಲ? ಕಾರಣ ಹಣೆ ಮೇಲೆ ಅಲ್ಲ, ಕಾಗದದ ಮೇಲೆ ಬರೆದಿತ್ತು. ಹಾಲಿವುಡ್ ಸ್ಟುಡಿಯೊಗಳೆಲ್ಲ ಒಪ್ಪಿಕೊಂಡಿದ್ದ 'ಪ್ರೊಡಕ್ಷನ್ ಕೋಡ್' ಅಂತ ಒಂದು ನಿಯಮಾವಳಿ. 1934ರಿಂದ ಅದು ಬಿಗಿಯಾಗಿ ಜಾರಿಯಲ್ಲಿತ್ತು. ಬಿಳಿಯರಿಗೂ ಕಪ್ಪು ಜನರಿಗೂ ನಡುವೆ ಪ್ರೇಮ, ಕಾಮದ ಸಂಬಂಧ ತೋರಿಸಬಾರದು ಅಂತ ಅದರಲ್ಲಿತ್ತು. ದೊಡ್ಡ ನಾಯಕರೆಲ್ಲ ಬಿಳಿಯರು. ನಾಯಕಿಯನ್ನು ನಾಯಕ ಪ್ರೀತಿಸುವಂತಿಲ್ಲ ಅಂದ್ರೆ ಅವಳಿಗೆ ಕಥೆ ಎಲ್ಲಿಂದ ಬರಬೇಕು? ಅಂತರ್ಜಾತಿ ಮದುವೆಗೆ ಮಚ್ಚು ಹಿಡಿದು ಬರುವವರನ್ನು ಕಂಡ ನಮಗೆ ಈ ನಿಯಮದ ಬೇರು ಚೆನ್ನಾಗೇ ಗೊತ್ತು. ಹೆಣ್ಣಿನ ಮೈಗೆ ಬೇಲಿ ಹಾಕದೆ ಜಾತಿಯೂ ನಿಲ್ಲಲ್ಲ, ವರ್ಣಭೇದವೂ ನಿಲ್ಲಲ್ಲ. ಇದನ್ನ ಬಾಬಾಸಾಹೇಬರು 1916ರಷ್ಟು ಹಿಂದೆಯೇ, ಅದೇ ನ್ಯೂಯಾರ್ಕಿನಲ್ಲಿ ಓದುವಾಗ ಜಾತಿಯ ಬಗ್ಗೆ ಮಂಡಿಸಿದ ಪ್ರಬಂಧದಲ್ಲಿ ಹೇಳಿದ್ದರು.

1956ರ ಕೊನೆಗೆ ಆ ಷರತ್ತು ಸಡಿಲವಾಯಿತು. 1957ರ 'ಐಲ್ಯಾಂಡ್ ಇನ್ ದಿ ಸನ್'ನಲ್ಲಿ ಡೊರೊಥಿಯನ್ನು ಬಿಳಿಯನೊಬ್ಬ ಪ್ರೀತಿಸುತ್ತಾನೆ, ಇಬ್ಬರೂ ಇಂಗ್ಲೆಂಡಿಗೆ ಹೊರಡುತ್ತಾರೆ. ಒಂದು ಮುತ್ತು ಮಾತ್ರ ಇಲ್ಲ! ಅಷ್ಟಕ್ಕೇ ಮೆಂಫಿಸ್ ನಗರದಲ್ಲಿ ಸಿನಿಮಾ ನಿಷೇಧ.

ಅದೇ ವರ್ಷ 'ಕಾನ್ಫಿಡೆನ್ಷಿಯಲ್' ಅನ್ನೋ ಗಾಸಿಪ್ ಪತ್ರಿಕೆ ಮೇಲಿನ ಕೇಸಿನಲ್ಲಿ ಡೊರೊಥಿ ಸಾಕ್ಷಿ ಹೇಳಿದಳು. ಲೇಕ್ ಟಾಹೋದ ಕಾಡಿನಲ್ಲಿ ಬಿಳಿಯನೊಬ್ಬನ ಜೊತೆ ಇದ್ದಳು ಅಂತ ಪತ್ರಿಕೆ ಬರೆದಿತ್ತು. ಅವಳ ಉತ್ತರ ಕೇಳಿ: ಅಲ್ಲಿ ಎಷ್ಟು ವರ್ಣಭೇದ ಇತ್ತು ಅಂದ್ರೆ ಹೋಟೆಲಿನಿಂದ ಆಚೆ ಓಡಾಡೋಕೇ ಆಗ್ತಿರಲಿಲ್ಲ, ಕಾಡಿಗೆಲ್ಲಿ ಹೋಗಲಿ? ತನ್ನ ಮಾನ ಉಳಿಸಿಕೊಳ್ಳಲು ತನಗಾದ ಅವಮಾನವನ್ನೇ ಸಾಕ್ಷಿಯಾಗಿ ಕೋರ್ಟಿನ ಮುಂದೆ ಇಡಬೇಕಾಯಿತು. ಈ ಜಾಗದಲ್ಲಿ ನಿಂತವರು ನಮ್ಮಲ್ಲೂ ಎಷ್ಟು ಜನ.

1958ರಲ್ಲಿ ಯುರೋಪಿನಲ್ಲಿ 'ತಮಾಂಗೊ': ಗುಲಾಮರ ಹಡಗು, ಬಂಡಾಯ. 1959ರಲ್ಲಿ 'ಪೋರ್ಗಿ ಅಂಡ್ ಬೆಸ್'. ಕಪ್ಪು ಜನರನ್ನು ಹೀಗಳೆಯೋ ಕಥೆ ಅಂತ ಬೆಲಫಾಂಟೆ ನಿರಾಕರಿಸಿದ ಸಿನಿಮಾ. ಡೊರೊಥಿ ಒಪ್ಪಿಕೊಂಡಳು, ಅಲ್ಲೂ ಹಾಡು ಬೇರೆಯವರದ್ದೇ. ಇದಕ್ಕೆ ಅವಳನ್ನು ಬೈದವರಿದ್ದಾರೆ. ನಾನು ಬೈಯಲ್ಲ. ಹತ್ತು ಪಾತ್ರ ಎದುರಿಗಿದ್ದವರು ಒಂದನ್ನ ಬಿಡಬಹುದು. ಒಂದೇ ಇದ್ದವರನ್ನ ನಾವು ಯಾವ ತಕ್ಕಡಿಯಲ್ಲಿ ತೂಗೋದು?

ಮುಂದಿನದ್ದು ಬೇಗ ಹೇಳಿಬಿಡ್ತೀನಿ. ಮಿದುಳಿನ ತೊಂದರೆ ಜೊತೆ ಹುಟ್ಟಿದ ಮಗಳಿದ್ದಳು. ಎರಡನೇ ಮದುವೆಯೂ ಮುರಿಯಿತು. 1963ರಲ್ಲಿ ದಿವಾಳಿ. ದುಡ್ಡಿಲ್ಲದೆ ಮಗಳನ್ನು ಸರ್ಕಾರಿ ಆಶ್ರಯಕ್ಕೆ ಬಿಡಬೇಕಾಯಿತು. 1965ರ ಸೆಪ್ಟೆಂಬರ್ 8ರಂದು ಡೊರೊಥಿ ತೀರಿಕೊಂಡಳು. ಕಪ್ಪು-ಬಿಳಿಯರ ಮದುವೆ ತಡೆಯುವ ಕಾನೂನುಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ಅದಾಗಿ ಎರಡು ವರ್ಷಕ್ಕೆ, 1967ರಲ್ಲಿ.

ನಾಯಕಿ ಪ್ರಶಸ್ತಿ ಕಪ್ಪು ಹೆಣ್ಣಿನ ಕೈಗೆ ಬಂದಿದ್ದು 2002ರಲ್ಲಿ, ಹ್ಯಾಲಿ ಬೆರ್ರಿಗೆ. ಆ ವೇದಿಕೆಯಲ್ಲಿ ಅವಳು ಡೊರೊಥಿ ಹೆಸರು ಹೇಳಿದಳು. ನಡುವೆ 47 ವರ್ಷ!

ನಮ್ಮ ಪಿ.ಕೆ. ರೋಸಿಯನ್ನ ನೆನೆಯಿರಿ. ಮಲಯಾಳಂ ಸಿನಿಮಾದ ಮೊದಲ ನಾಯಕಿ, ದಲಿತ ಹೆಣ್ಣು. ನಾಯರ್ ಹೆಣ್ಣಿನ ಪಾತ್ರ ಮಾಡಿದ್ದಕ್ಕೆ ಊರನ್ನೇ ಬಿಡಬೇಕಾಯಿತು. ಆ ಸಿನಿಮಾದ ಒಂದು ಪ್ರತಿಯೂ ಉಳಿದಿಲ್ಲ. ಡೊರೊಥಿ ಸಿನಿಮಾಗಳಾದರೂ ಉಳಿದಿವೆ, ನೋಡಬಹುದು.

ಅದಕ್ಕೇ ತಮ್ಮಾ, ಇನ್ಮೇಲೆ ನಮ್ಮ ಯಾವ ಕಲಾವಿದರ ಬಗ್ಗೆ ಓದಿದರೂ 'ಯಾಕೆ ಹಾಳಾದರು' ಅಂತ ಮೊದಲು ಕೇಳಬೇಡ. ಸನ್ಮಾನ ಆದ ಮಾರನೇ ದಿನದಿಂದ ಎಷ್ಟು ಕೆಲಸ ಕೊಟ್ಟರು ಅಂತ ಕೇಳು. ಶಾಲು, ಹಾರ, ಫೋಟೊ ಎಲ್ಲಾ ಒಂದು ದಿನದ್ದು. ಪಾಲು ಕೊಟ್ಟರಾ ಇಲ್ವಾ, ಅದನ್ನ ಕೇಳು.

ಜೈ ಭೀಮ್.