ಕ್ಯೂ ಕೀಲಿಯಲ್ಲಿ ‘ಟ’ ಕೂತದ್ದೇಕೆ?

ಹೆತ್ತೂರಿನ ಕಡೆಯಿಂದ ಬಸ್ಸಿಳಿದು ಪಹಣಿಗೆಂದು ಸಕಲೇಶಪುರದ ತಾಲ್ಲೂಕು ಕಚೇರಿಗೆ ಬಂದವರು ಕಿಟಕಿಯಾಚೆ ಕೀಲಿಮಣೆಯ ಮೇಲೆ ಓಡುವ ಬೆರಳುಗಳನ್ನು ಕಂಡಿರಬಹುದು. ‘ನುಡಿ’ ತಂತ್ರಾಂಶದಲ್ಲಿ ‘ಘಟ್ಟ’ ಎಂದು ಮೂಡಿಸಲು ಒತ್ತಬೇಕಾದದ್ದು ಶಿಫ್ಟ್ ಹಿಡಿದು ಜಿ, ಬಳಿಕ ಕ್ಯೂ, ಎಫ್, ಕ್ಯೂ. ಜಿ ಸರಿ. ಕ್ಯೂಗೂ ‘ಟ’ಕಾರಕ್ಕೂ ಏನು ನಂಟು?

ಇಂಥ ಪ್ರಶ್ನೆಗಳಿಗೆ ಕಂಪ್ಯೂಟರ್ ಲೋಕದಲ್ಲಿ ಎಷ್ಟೋ ಸಲ ಸಿಗುವ ಉತ್ತರ ಆಕಸ್ಮಿಕ ಎಂಬುದು. 1976ರಲ್ಲಿ ಅಮೆರಿಕದ ಬಿಲ್ ಜಾಯ್ ‘ವಿಐ’ ಎಂಬ ಬರವಣಿಗೆಯ ತಂತ್ರಾಂಶ ಕಟ್ಟುವಾಗ ಬಳಸುತ್ತಿದ್ದ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳು ಹೆಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಅಚ್ಚಾಗಿದ್ದವು. ಕರ್ಸರ್ ಓಡಿಸಲು ಅವರು ಅವನ್ನೇ ಹಿಡಿದರು. ಆ ಟರ್ಮಿನಲ್ ಮೂಲೆ ಸೇರಿದರೂ ಕೀಲಿಗಳು ಹಾಗೇ ಉಳಿದಿವೆ.

ಕನ್ನಡದ್ದು ಆಕಸ್ಮಿಕವಲ್ಲ, ವ್ಯಾಕರಣ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ರೂಪಿಸಿ, ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡ ವಿನ್ಯಾಸವಿದು. ಇಂಗ್ಲಿಷ್ ಕೀಲಿಗಳು 26, ನಮ್ಮ ಅಕ್ಷರಗಳು ಐವತ್ತರ ಹತ್ತಿರ. ಅವರು ಶಿಫ್ಟ್ ಕೀಲಿಯನ್ನು ಮಹಾಪ್ರಾಣಕ್ಕೆ ಮೀಸಲಿಟ್ಟರು: ಕೆ ಒತ್ತಿದರೆ ಕ, ಶಿಫ್ಟ್ ಸೇರಿದರೆ ಖ. ಹೀಗೆ ಟಿ ಕೀಲಿ ತ, ಥಗಳ ಪಾಲಾಯಿತು, ಡಿ ಕೀಲಿ ದ, ಧಗಳ ಪಾಲಾಯಿತು. ಟ, ಡಗಳಿಗೆ ಮನೆ ಬೇಕಲ್ಲ? ಕನ್ನಡಕ್ಕೆ ಬೇಡದೆ ಖಾಲಿ ಬಿದ್ದಿದ್ದ ಕ್ಯೂ, ಡಬ್ಲ್ಯೂಗಳು ಒದಗಿದವು. ಎಸ್ ಕೀಲಿಯನ್ನು ಸ, ಶ ಹಂಚಿಕೊಂಡದ್ದರಿಂದ ಷ ಎಕ್ಸ್‌ಗೆ ಹೋಯಿತು. ಮಹಾಪ್ರಾಣವಿಲ್ಲದ ನ, ಲಗಳ ಶಿಫ್ಟ್‌ನಲ್ಲಿ ಣ, ಳ ಕೂತವು. ಒತ್ತಕ್ಷರ ಹೆಣೆಯುವ ಅರ್ಧಾಕ್ಷರ ಚಿಹ್ನೆಗೆ ಎಫ್. ಎಡಗೈ ತೋರುಬೆರಳು ಸದಾ ಕೂರುವ ಜಾಗ.

ಇದರ ಲಾಭ ಎಣಿಸಿ ನೋಡಬಹುದು. ವ್ಯಂಜನದಲ್ಲೇ ಅಕಾರ ಅಡಗಿರುವುದರಿಂದ ‘ಸಕಲೇಶಪುರ’ಕ್ಕೆ ಎಂಟು ಅಕ್ಷರ ಕೀಲಿ ಸಾಕು. ಪ್ರತಿ ಅಕಾರಕ್ಕೂ ‘ಎ’ ಒತ್ತುವ ಲಿಪ್ಯಂತರದ ಪದ್ಧತಿಯಲ್ಲಿ ಹನ್ನೆರಡು. ಆದರೆ ಕನ್ನಡ ಟೈಪ್‌ರೈಟರ್ ಮೇಲೆ ವರ್ಷಗಟ್ಟಲೆ ಕೈ ಪಳಗಿಸಿದವರಿಗೆ ಇದೆಲ್ಲ ಹೊಸ ಪಾಠ. ವ್ಯಾಕರಣ ಅರಿಯದ ಅವರ ಬೆರಳುಗಳಿಗೆ ಈ ತರ್ಕ ಎಷ್ಟು ಸಮಾಧಾನ ಕೊಟ್ಟೀತು ಎಂಬ ಅನುಮಾನ ನನಗಿದೆ.

ಇನ್ನೊಂದು ತೊಡಕೂ ಉಂಟು. ಹ್ರಸ್ವ ಎತ್ವ, ದೀರ್ಘ ಏತ್ವಗಳಿಗೆ ಒಂದೇ ಕೀಲಿ. ನಡುವಿನ ಅಂತರ ಶಿಫ್ಟ್ ಮಾತ್ರ. ಬೆರಳು ಒಂದು ಗಳಿಗೆ ಸೋತರೆ ‘ಪುಟ್ಟೇಗೌಡ’ ಪಹಣಿಯಲ್ಲಿ ‘ಪುಟ್ಟೆಗೌಡ’ ಆಗುತ್ತದೆ, ಬ್ಯಾಂಕಿನವರು ಬೇರೆ ಆಸಾಮಿಯೆನ್ನುತ್ತಾರೆ. ತಿದ್ದುಪಡಿಯ ಅರ್ಜಿ ಹಿಡಿದು ರೈತ ಮತ್ತೆ ಘಟ್ಟದ ಬಸ್ಸು ಕಾಯಬೇಕು.