ಅಮ್ಮನ ಸಾವಿರ, ಅಂಗಡಿಯ ಸಾವಿರ

“ನಿನಗೆ ಸಾವಿರ ಸಲ ಹೇಳಿದ್ದೇನೆ” ಎಂದು ಅಮ್ಮ ಗದರಿದಾಗ ಯಾವ ಮಗುವೂ ಲೆಕ್ಕ ಕೇಳುವುದಿಲ್ಲ. ಅದೇ ಅಮ್ಮ ಅಂಗಡಿಯಲ್ಲಿ ಸಾವಿರ ರೂಪಾಯಿ ಕೊಟ್ಟು ಚಿಲ್ಲರೆ ಎಣಿಸಿಕೊಳ್ಳುವಾಗ ಒಂದು ರೂಪಾಯಿ ಕಡಿಮೆ ಬಂದರೂ ಬಿಡುವುದಿಲ್ಲ. ಪದ ಒಂದೇ, ಆಡಿದ ಬಾಯಿಯೂ ಒಂದೇ. ಮೊದಲನೆಯದು ‘ಬಹಳ’, ‘ತುಂಬಿ ಮಿಗುವಷ್ಟು’ ಎಂಬ ಸಾವಿರ. ಎರಡನೆಯದು ಹತ್ತು ನೂರರ ಸಾವಿರ. ಎಲ್ಲಿ ಯಾವುದೆಂದು ಸಂದರ್ಭವೇ ಹೇಳಿಬಿಡುವುದರಿಂದ ಕನ್ನಡಿಗರಾರೂ ಇಲ್ಲಿ ಎಡವುವುದಿಲ್ಲ.

ಆದರೆ ಹೇಳಿದವರೂ ಇಲ್ಲ, ಎದುರು ನಿಂತು ಕೇಳಿದವರೂ ಇಲ್ಲ, ಬರಹವೊಂದೇ ಉಳಿದಿದೆ ಎಂದಾಗ ಏನು ಮಾಡುವುದು? ಕ್ರೈಸ್ತರ ಸತ್ಯವೇದದ ಕೊನೆಯ ಪುಸ್ತಕ ‘ಪ್ರಕಟನೆ’. ಅದರ 20ನೆಯ ಅಧ್ಯಾಯದಲ್ಲಿ ‘ಸಾವಿರ ವರ್ಷ’ ಎಂಬ ಮಾತು ಆರು ಸಲ ಬರುತ್ತದೆ. ದೇವದೂತನೊಬ್ಬ ಘಟಸರ್ಪನಾದ ಸೈತಾನನನ್ನು ಸರಪಳಿಯಿಂದ ಬಿಗಿದು ಸಾವಿರ ವರ್ಷ ಸೆರೆಯಲ್ಲಿಡುತ್ತಾನೆ. ನಂಬಿಕೆಗಾಗಿ ತಲೆ ಕೊಟ್ಟವರು ಜೀವಿತರಾಗಿ ಎದ್ದು ಕ್ರಿಸ್ತನೊಡನೆ ಸಾವಿರ ವರ್ಷ ಆಳುತ್ತಾರೆ. ಆಮೇಲೆ ಸೈತಾನನಿಗೆ ಸ್ವಲ್ಪ ಕಾಲ ಬಿಡುಗಡೆ, ಕೊನೆಯ ಯುದ್ಧ, ಕೊನೆಯ ನ್ಯಾಯತೀರ್ಪು. ಇದು ಅಮ್ಮನ ಸಾವಿರವೋ, ಅಂಗಡಿಯ ಸಾವಿರವೋ? ಈ ಒಂದು ಪ್ರಶ್ನೆಯ ಮೇಲೆ ಕ್ರೈಸ್ತರು ಹದಿನೆಂಟು ಶತಮಾನಗಳಿಂದ ಬೇರೆಬೇರೆಯಾಗಿ ನಿಂತಿದ್ದಾರೆ.

ಮೊದಲು ಪದದ ಹುಟ್ಟನ್ನು ನೋಡೋಣ. ಪತ್ಮೋಸ್ ದ್ವೀಪದಲ್ಲಿ ಗಡೀಪಾರಾಗಿದ್ದ ಯೋಹಾನ ಮೊದಲ ಶತಮಾನದ ಕೊನೆಯ ಭಾಗದಲ್ಲಿ ಗ್ರೀಕಿನಲ್ಲಿ ಬರೆದದ್ದು ‘ಖಿಲಿಯ ಎತೇ’ ಎಂದು. ‘ಎತೇ’ ಎಂದರೆ ವರ್ಷಗಳು, ‘ಖಿಲಿಯ’ ಎಂದರೆ ಸಾವಿರ. ಈ ಖಿಲಿಯ ನಮ್ಮ ಸಾವಿರಕ್ಕೆ ದೂರದ ನೆಂಟ. ಕನ್ನಡದ ಸಾವಿರ ಹಳಗನ್ನಡದ ಸಾಸಿರದಿಂದ ಬಂತು, ಸಾಸಿರ ಸಂಸ್ಕೃತ ಸಹಸ್ರದ ತದ್ಭವ. ಸಹಸ್ರದ ಮೊದಲಿನ ‘ಸ’ಕಾರಕ್ಕೆ ‘ಒಂದು’ ಎಂಬ ಅರ್ಥವಿದೆ. ಉಳಿದ ‘ಹಸ್ರ’, ಗ್ರೀಕರ ಖಿಲಿಯ, ಪಾರಸಿಯ ಹಜಾರ್‌ನಲ್ಲಿರುವ ‘ಜಾರ್’ ಎಲ್ಲವೂ ಒಂದೇ ಇಂಡೋ-ಯುರೋಪಿಯನ್ ಬೇರಿನ ಚಿಗುರುಗಳು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದಾಗ, ಆ ನೆಂಟ ಸಾವಿರಾರು ವರ್ಷಗಳ ಅಗಲಿಕೆಯ ನಂತರ ಮನೆಗೆ ಬಂದಂತಾಯಿತು.

ಈ ಪದ ನಮ್ಮಲ್ಲೂ ಎರಡು ಬಾಳು ಬಾಳಿದೆ. ವಿಷ್ಣುಸಹಸ್ರನಾಮವನ್ನು ಎಣಿಸಿಯೇ ಪಠಿಸುತ್ತಾರೆ. ಪುರುಷಸೂಕ್ತದ ಸಹಸ್ರಶೀರ್ಷನ ತಲೆಗಳನ್ನು ಎಣಿಸುವವರಿಲ್ಲ. ಶಾಸನಗಳಲ್ಲಿ ಬರುವ ‘ಬನವಾಸಿ ಪನ್ನಿರ್ಚ್ಛಾಸಿರ’, ‘ಗಂಗವಾಡಿ ತೊಂಬತ್ತಾರು ಸಾಸಿರ’ ಎಂಬ ನಾಡಿನ ಹೆಸರುಗಳಲ್ಲಿ ಆ ಸಂಖ್ಯೆ ಏನನ್ನು ಎಣಿಸುತ್ತದೆ? ಹಳ್ಳಿಗಳನ್ನೇ, ಕಂದಾಯವನ್ನೇ, ಸಂಪ್ರದಾಯದ ಲೆಕ್ಕವನ್ನೇ? ವಿದ್ವಾಂಸರು ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ನಮ್ಮದೇ ನೆಲದ ಕಲ್ಲಿನ ಮೇಲಿನ ಸಾಸಿರ ಇಷ್ಟು ಕಾಡುವಾಗ, ದರ್ಶನವೊಂದರಲ್ಲಿ ಕಂಡ ಸಾವಿರ ಕಾಡಿದ್ದರಲ್ಲಿ ಅಚ್ಚರಿಯಿಲ್ಲ.

ಎರಡನೆಯ ಶತಮಾನದ ಕ್ರೈಸ್ತರಲ್ಲಿ ಅನೇಕರು ಅದನ್ನು ಎಣಿಕೆಯ ಸಾವಿರವೆಂದೇ ಓದಿದರು. ಹಿಯೆರಪೊಲಿಸ್‌ನ ಪಾಪಿಯಾಸ್ ಆ ಸಾವಿರ ವರ್ಷಗಳಲ್ಲಿ ಒಂದೊಂದು ದ್ರಾಕ್ಷಿಬಳ್ಳಿಯೂ ಹತ್ತು ಸಾವಿರ ಕೊಂಬೆ ಬಿಡುತ್ತದೆಂದು ವರ್ಣಿಸಿದ. ಲಿಯೋನ್‌ನ ಇರೇನಿಯಸ್ ಅದನ್ನು ಗೌರವದಿಂದ ತನ್ನ ಗ್ರಂಥಕ್ಕೆ ಸೇರಿಸಿಕೊಂಡ. ರೋಮ್ ಸಾಮ್ರಾಜ್ಯ ಹಿಂಡುತ್ತಿದ್ದ ದಿನಗಳವು. ಹಸಿದವರಿಗೆ ಸುಗ್ಗಿಯ ಕನಸು ಬೀಳುವುದು ಸಹಜ. ಜಸ್ಟಿನ್ ಎಂಬ ತತ್ತ್ವಜ್ಞಾನಿಯೂ ಜೆರುಸಲೇಮಿನಲ್ಲಿ ಸಾವಿರ ವರ್ಷದ ಆಳಿಕೆಯನ್ನು ನಂಬಿದ್ದ. ಆದರೆ ತನ್ನ ಸಂವಾದಗ್ರಂಥದಲ್ಲಿ ಅವನು ಒಂದು ಮಾತನ್ನು ಮುಚ್ಚಿಡದೆ ಸೇರಿಸಿದ: ಹೀಗೆ ನಂಬದ ಭಕ್ತಿವಂತ ಕ್ರೈಸ್ತರೂ ಬಹಳ ಮಂದಿ ಇದ್ದಾರೆ. ಈ ಭಿನ್ನಮತ ದಾಖಲಾದ ಮೊದಲ ಕಡೆಗಳಲ್ಲಿ ಇದೊಂದು. ಅಲ್ಲಿ ಬೈಗುಳವಿಲ್ಲ ಎಂಬುದನ್ನು ಗಮನಿಸಬೇಕು.

ಮೂರನೆಯ ಶತಮಾನದ ಈಜಿಪ್ಟಿನ ಒಂದು ಘಟನೆಯ ಬಳಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ಆರ್ಸಿನೊಯೆ ಸೀಮೆಯ ಹಳ್ಳಿಗಳಲ್ಲಿ ನೆಪೊಸ್ ಎಂಬ ಬಿಷಪ್ಪನ ಪುಸ್ತಕ ಜನಪ್ರಿಯವಾಗಿತ್ತು. ಸಾವಿರ ವರ್ಷವನ್ನು ಎಣಿಕೆಯದೆಂದೇ ಹಿಡಿದು, ಧರ್ಮಗ್ರಂಥವನ್ನು ಬರೀ ರೂಪಕವೆಂದು ಓದುವವರನ್ನು ಅದು ಖಂಡಿಸಿತ್ತು. ನೆಪೊಸ್ ತೀರಿಕೊಂಡ ಮೇಲೆ ಆ ಪುಸ್ತಕದ ಸುತ್ತ ಕ್ರೈಸ್ತ ಸಭೆಗಳೇ ಒಡೆದವು. ಆಗ ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ಆಜ್ಞಾಪತ್ರ ಕಳಿಸಲಿಲ್ಲ, ತಾನೇ ಅಲ್ಲಿಗೆ ಹೋದ. ಹಳ್ಳಿಯ ಹಿರಿಯರನ್ನೂ ಬೋಧಕರನ್ನೂ ಕೂಡಿಸಿ, ಮೂರು ದಿನ, ಬೆಳಗಿನಿಂದ ಸಂಜೆಯವರೆಗೆ, ಆ ಪುಸ್ತಕವನ್ನು ಎಲ್ಲರೆದುರು ಒಂದೊಂದೇ ಅಂಶವಾಗಿ ಪರಿಶೀಲಿಸಿದ. ಸರಿಯೆನಿಸಿದ್ದನ್ನು ಒಪ್ಪಲು ಯಾರೂ ನಾಚಲಿಲ್ಲ. ಕೊನೆಗೆ ಆ ಪಕ್ಷದ ಮುಂದಾಳು ಕೊರಾಕಿಯನ್ ತನ್ನ ನಿಲುವನ್ನು ಬಿಟ್ಟೆನೆಂದು ಎಲ್ಲರ ಮುಂದೆ ಹೇಳಿದ. ಡಯೊನೀಸಿಯಸ್ ತಾನು ಗೆದ್ದದ್ದನ್ನು ಕೊಚ್ಚಿಕೊಳ್ಳದೆ, ಆ ಹಳ್ಳಿಗರ ಸತ್ಯಪ್ರೀತಿಯನ್ನು ಹೊಗಳಿ ಬರೆದ. ತೀರಿಹೋದ ನೆಪೊಸನ ನಂಬಿಕೆಯನ್ನೂ ಅವನ ಕೀರ್ತನೆಗಳನ್ನೂ ನೆನೆದ. ಚರಿತ್ರಕಾರ ಯೂಸೇಬಿಯಸ್ ಇದನ್ನೆಲ್ಲ ಉಳಿಸಿಕೊಟ್ಟಿದ್ದಾನೆ. ‘ಸಾವಿರ’ದ ಇಡೀ ಬಾಳಿನಲ್ಲಿ ಇಷ್ಟು ಹಸನಾದ ಮೂರು ದಿನಗಳು ನನಗೆ ಬೇರೆ ಸಿಕ್ಕಿಲ್ಲ.

ಮುಂದೆ ಈ ಪದ ಒಂದು ಪಂಗಡದ ಹಣೆಪಟ್ಟಿಯಾಯಿತು. ಎಣಿಕೆಯ ಸಾವಿರವನ್ನು ನಂಬುವವರನ್ನು ಗ್ರೀಕರು ‘ಖಿಲಿಯಾಸ್ಟ್’ ಎಂದರು, ‘ಸಾವಿರದವರು’ ಎಂದಂತೆ. ಉತ್ತರ ಆಫ್ರಿಕದ ಅಗಸ್ಟೀನ್ ಐದನೆಯ ಶತಮಾನದಲ್ಲಿ ಬರೆದ ‘ದೇವನಗರ’ ಗ್ರಂಥದ 20ನೆಯ ಭಾಗದಲ್ಲಿ, ಇದನ್ನು ಲ್ಯಾಟಿನ್ನಿನಲ್ಲಿ ‘ಮಿಲಿಯಾರಿ’ ಎನ್ನಬಹುದೆಂದು ಸೂಚಿಸಿದ. ತಾನೂ ಒಂದು ಕಾಲಕ್ಕೆ ಆ ಅಭಿಪ್ರಾಯದವನಾಗಿದ್ದೆ ಎಂದು ಅಲ್ಲೇ ಒಪ್ಪಿಕೊಂಡ. ಆಮೇಲೆ ಅವನು ಕೊಟ್ಟ ಅರ್ಥ ಗಣಿತದಿಂದ ಬಂದದ್ದು. ಹತ್ತನ್ನು ಹತ್ತರಿಂದ ಗುಣಿಸಿದರೆ ನೂರು, ಅದು ಚಪ್ಪಟೆಯಾದ ಚೌಕ. ಮತ್ತೆ ಹತ್ತರಿಂದ ಗುಣಿಸಿದರೆ ಅದಕ್ಕೆ ಎತ್ತರ ಬಂದು ಘನವಾಗುತ್ತದೆ. ಹಾಗಾಗಿ ಸಾವಿರವೆಂದರೆ ಕಾಲದ ತುಂಬು. ಕ್ರಿಸ್ತನ ಮೊದಲ ಬರೋಣದಿಂದ ಎರಡನೆಯ ಬರೋಣದವರೆಗಿನ ಸಭೆಯ ಕಾಲವೇ ಆ ಸಾವಿರ ವರ್ಷ. ಪಶ್ಚಿಮದ ಸಭೆ ಮುಂದಿನ ಹಲವು ಶತಮಾನ ಈ ಓದನ್ನೇ ಹಿಡಿದು ನಡೆಯಿತು.

ತುಳಿದಿಟ್ಟ ಎಣಿಕೆ ಮತ್ತೆ ಎದ್ದಾಗ ಅದರ ಕೈಯಲ್ಲಿ ಕತ್ತಿ ಇತ್ತು. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣವನ್ನು ಒಂದು ಪಂಗಡ ವಶಪಡಿಸಿಕೊಂಡು ಹೊಸ ಜೆರುಸಲೇಮ್ ಎಂದು ಸಾರಿತು. ಲೈಡನ್ನಿನ ಯಾನ್ ಅಲ್ಲಿ ರಾಜನಾದ. ಮರುವರ್ಷ ಮುತ್ತಿಗೆ, ಹಸಿವು, ಕೊಲೆಗಳಲ್ಲಿ ಆ ರಾಜ್ಯ ಮುಗಿಯಿತು. ಮುಂದಾಳುಗಳ ಹೆಣಗಳನ್ನಿಟ್ಟು ತೂಗುಹಾಕಿದ ಮೂರು ಕಬ್ಬಿಣದ ಪಂಜರಗಳು ಅಲ್ಲಿನ ಸಂತ ಲ್ಯಾಂಬರ್ಟ್ ಚರ್ಚಿನ ಗೋಪುರದಲ್ಲಿ ಇಂದಿಗೂ ಇವೆ. ಅದಕ್ಕೂ ಮೊದಲೇ, 1530ರ ಔಗ್ಸ್‌ಬುರ್ಗ್ ನಂಬಿಕೆಪತ್ರದಲ್ಲಿ ಲೂಥರನ್ನರು, ಕೊನೆಯ ಪುನರುತ್ಥಾನಕ್ಕೆ ಮುಂಚೆ ಭಕ್ತರು ಲೋಕದ ರಾಜ್ಯವನ್ನು ಹಿಡಿಯುತ್ತಾರೆಂಬ ಬೋಧನೆಯನ್ನು ತಳ್ಳಿಹಾಕಿದ್ದರು.

ಆದರೂ ಲೂಥರನ್ನರದೇ ನಾಡಾದ ವ್ಯೂರ್ಟೆಂಬರ್ಗಿನಲ್ಲಿ ಲೆಕ್ಕ ಮತ್ತೆ ಶುರುವಾಯಿತು. ಅಲ್ಲಿನ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಸಾಮಾನ್ಯ ಪಂಡಿತನಲ್ಲ. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ಅಕ್ಷರ ಅಕ್ಷರ ಹೋಲಿಸಿ 1734ರಲ್ಲಿ ಶುದ್ಧಪಾಠವನ್ನು ಪ್ರಕಟಿಸಿದವನು. ಅಂಥವನು ಪ್ರಕಟನೆಯ ಸಂಖ್ಯೆಗಳನ್ನೆಲ್ಲ ಜೋಡಿಸಿ, 1836ರ ಜೂನ್ 18ರಂದು ಆ ಪುಸ್ತಕದಲ್ಲಿ ಭಕ್ತರನ್ನು ಹಿಂಸಿಸುವ ಮೃಗದ ಆಳಿಕೆ ಮುಗಿಯುತ್ತದೆಂದು ಕಂಡುಕೊಂಡ. ಅವನ ಓದಿನಲ್ಲಿ ಸಾವಿರ ವರ್ಷ ಒಂದಲ್ಲ, ಒಂದರ ಹಿಂದೊಂದು ಎರಡು. ಅವನು 1752ರಲ್ಲಿ ತೀರಿಕೊಂಡ. ಲೆಕ್ಕ ಹಳ್ಳಿಹಳ್ಳಿಗಳಲ್ಲಿ ಉಳಿಯಿತು. 1817ರಲ್ಲಿ ಅಲ್ಲಿನ ಭಕ್ತ ಕುಟುಂಬಗಳು ಸಂಕಟದ ದಿನಗಳಿಗೆ ಪೂರ್ವದಲ್ಲಿ ಆಸರೆ ಸಿಗುತ್ತದೆಂದು ಡ್ಯಾನ್ಯೂಬ್ ನದಿಯ ದಾರಿಯಾಗಿ ಕಾಕಸಸ್ ಕಡೆಗೆ ಗುಳೆ ಹೊರಟವು. ಬಹಳ ಜನ ದಾರಿಯಲ್ಲೇ ರೋಗಕ್ಕೆ ಬಲಿಯಾದರು. 1836 ಬಂತು, ಹೋಯಿತು.

ಅದೇ 1836ರಲ್ಲಿ ವ್ಯೂರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗ್ ಮಂಗಳೂರಿಗೆ ಬಂದಿಳಿದ. ಅವನನ್ನು ಕಳಿಸಿದ ಬಾಸೆಲ್ ಮಿಷನ್ನಿನ ಮೊದಲ ತಂಡ 1834ರಲ್ಲೇ ಇಲ್ಲಿಗೆ ಬಂದಿತ್ತು. ಆ ಮಿಷನ್ನಿನ ಬೆನ್ನೆಲುಬು ಇದೇ ವ್ಯೂರ್ಟೆಂಬರ್ಗಿನ ಭಕ್ತಿಪಂಥ. ಅಲ್ಲಿನ ಭಕ್ತಿಪಂಥದವರ ಕೊರ್ನ್‌ಟಾಲ್ ಗ್ರಾಮವನ್ನು ಕಟ್ಟಿದವನ ಮಗ ವಿಲ್ಹೆಲ್ಮ್ ಹೋಫ್‌ಮನ್ 1839ರಿಂದ 1850ರವರೆಗೆ ಮಿಷನ್ನಿನ ಮುಖ್ಯಸ್ಥನಾಗಿದ್ದ. ಇನ್ನೊಬ್ಬ ಮಗ ಕ್ರಿಸ್ಟೋಫ್ 1868ರಲ್ಲಿ ತನ್ನ ಅನುಯಾಯಿಗಳನ್ನು ಪ್ಯಾಲೆಸ್ಟೈನಿನ ಹೈಫಾಕ್ಕೆ ಕರೆದೊಯ್ದ. ಒಂದೇ ಮನೆಯಿಂದ ಎರಡು ದಾರಿ. ಮಂಗಳೂರಿನ ದಾರಿಯಲ್ಲಿ ಏನಾಯಿತೆಂದು ನಮಗೆ ಗೊತ್ತು: 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರಡಿಸಿದ, 1865ರಲ್ಲಿ ಹಂಚಿನ ಕಾರ್ಖಾನೆ ಎದ್ದಿತು, 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾಯಿತು. ಲೋಕ ಮುಗಿಯುವ ದಿನವನ್ನು ಎಣಿಸಿದ ನಾಡಿನಿಂದ ಬಂದ ಮಿಷನ್ನು ತಲೆಮಾರುಗಳ ಕಾಲ ಬಾಳುವ ಹಂಚನ್ನೂ ಪದಕೋಶವನ್ನೂ ಕೊಟ್ಟಿತು. ಬರೋಣವನ್ನು ಕಾಯುವುದಕ್ಕೆ ಇದಕ್ಕಿಂತ ಒಳ್ಳೆಯ ರೀತಿ ನನಗೆ ತೋಚದು.

ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ ಪುಸ್ತಕದ 2300 ದಿನಗಳನ್ನು ವರ್ಷಗಳೆಂದು ಎಣಿಸಿದ. ಅವನ ಹಿಂಬಾಲಕರು 1844ರ ಅಕ್ಟೋಬರ್ 22ರ ರಾತ್ರಿಯೆಲ್ಲ ಕಾದು ಬೆಳಗಿನಲ್ಲಿ ಅತ್ತರು. ಆ ದಿನಕ್ಕೆ ‘ಮಹಾ ನಿರಾಶೆ’ ಎಂಬ ಹೆಸರೇ ಬಂತು. ಅದೇ ಕಾಲದಲ್ಲಿ ಜಾನ್ ನೆಲ್ಸನ್ ಡಾರ್ಬಿ, ಕೊನೆಯ ಸಂಕಟಕ್ಕೆ ಮುಂಚೆಯೇ ಸಭೆ ಮೇಲಕ್ಕೆ ಎತ್ತಲ್ಪಡುತ್ತದೆಂದು ಬೋಧಿಸಿದ. ‘ರ್ಯಾಪ್ಚರ್’ ಎಂದು ಈಗ ಎಲ್ಲೆಡೆ ಕೇಳುವುದು ಅದನ್ನೇ. 1909ರ ಸ್ಕೋಫೀಲ್ಡ್ ಬೈಬಲ್ ಈ ಓದನ್ನು ಟಿಪ್ಪಣಿಯಾಗಿ ಮೂಲವಚನಗಳ ಕೆಳಗೇ ಅಚ್ಚು ಮಾಡಿತು. ಒಂದೇ ಪುಟದಲ್ಲಿ ವಚನವೂ ವ್ಯಾಖ್ಯಾನವೂ ಕೂತಾಗ ಓದುಗನಿಗೆ ಎರಡರ ನಡುವಿನ ಗೆರೆ ಮಸುಕಾಗುತ್ತದೆ.

ಲ್ಯಾಟಿನ್ನಿನ ‘ಮಿಲ್ಲೆ’ ಎಂದರೆ ಸಾವಿರ, ‘ಅನ್ನುಸ್’ ಎಂದರೆ ವರ್ಷ. ಎರಡೂ ಕೂಡಿ ‘ಮಿಲೆನಿಯಂ’. ಇಂದಿನ ಮೂರು ಪಕ್ಷಗಳಿಗೂ ಅದರದೇ ಹೆಸರು. ಕ್ರಿಸ್ತ ಬಂದ ಮೇಲೆ ಸಾವಿರ ವರ್ಷದ ಆಳಿಕೆ ಎನ್ನುವವರು ಪ್ರೀಮಿಲೆನಿಯಲ್. ಸುವಾರ್ತೆ ಲೋಕವನ್ನು ತುಂಬಿ, ಆ ಒಳ್ಳೆಯ ಕಾಲ ಮುಗಿದ ಮೇಲೆ ಕ್ರಿಸ್ತ ಬರುತ್ತಾನೆ ಎನ್ನುವವರು ಪೋಸ್ಟ್‌ಮಿಲೆನಿಯಲ್. ಅಗಸ್ಟೀನನಂತೆ ಅದು ಈಗಲೇ ನಡೆದಿದೆ ಎನ್ನುವವರು ಅಮಿಲೆನಿಯಲ್. ಕೊನೆಯ ಹೆಸರು ಅವರಿಗೆ ಅನ್ಯಾಯವನ್ನೇ ಮಾಡಿದೆ: ‘ಅ’ ಎಂದರೆ ‘ಇಲ್ಲ’, ಅವರೋ ‘ಇದೆ, ಈಗಲೇ ಇದೆ’ ಎನ್ನುವವರು.

ಎಣಿಕೆಯ ಓದು, ರೂಪಕದ ಓದು, ಎರಡೂ ಕಡೆ ತೂಕದ ಮಾತುಗಳಿವೆ. ಕೀರ್ತನೆಗಳಲ್ಲಿ ದೇವರಿಗೆ ಸಾವಿರ ಗುಡ್ಡಗಳ ದನಗಳಿವೆ, ಸಾವಿರ ವರ್ಷ ನಿನ್ನೆಯಂತಿದೆ. ಇದು ಅಮ್ಮನ ಸಾವಿರ. ಯೆರೆಮೀಯ ಹೇಳಿದ ಸೆರೆಯ ಎಪ್ಪತ್ತು ವರ್ಷವನ್ನೋ ದಾನಿಯೇಲ ಎಣಿಸಿಯೇ ಪ್ರಾರ್ಥನೆಗೆ ಕೂತ. ಇದು ಅಂಗಡಿಯ ಲೆಕ್ಕ. 20ನೆಯ ಅಧ್ಯಾಯದಲ್ಲೇ ‘ಎಝೇಸನ್’, ಅಂದರೆ ‘ಜೀವಿತರಾದರು’ ಎಂಬ ಕ್ರಿಯಾಪದ ನಾಲ್ಕನೆಯ ಮತ್ತು ಐದನೆಯ ವಚನಗಳಲ್ಲಿ ಎರಡು ಸಲ ಬರುತ್ತದೆ. ಎರಡನೆಯ ಸಲ ದೇಹದ ಪುನರುತ್ಥಾನವಾದರೆ ಮೊದಲ ಸಲ ಆತ್ಮದ್ದು ಹೇಗಾದೀತು ಎಂಬ ಪ್ರೀಮಿಲೆನಿಯಲ್ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು.

ಇಷ್ಟು ದೂರ ಈ ಪದದ ಬೆನ್ನುಹತ್ತಿ ಬಂದ ಮೇಲೆ ನನ್ನ ತೀರ್ಮಾನ ಇದು. ಅದೇ ಪುಸ್ತಕದಲ್ಲಿ ಸ್ಮುರ್ನದ ಸಭೆಗೆ ಬರುವ ಸಂಕಟ ಹತ್ತು ದಿನ. ಮೃಗಕ್ಕೆ ಕೊಟ್ಟ ಅಧಿಕಾರ ನಲವತ್ತೆರಡು ತಿಂಗಳು. ತಲೆ ಕೊಟ್ಟವರ ಆಳಿಕೆಯೋ ಸಾವಿರ ವರ್ಷ. ಯಾವ ರೀತಿಯಲ್ಲಿ ಎಣಿಸಿದರೂ ಈ ಮೂರರ ನಡುವಿನ ಅಳತೆ ಬದಲಾಗದು: ಹಿಂಸೆಯ ಕಾಲ ಕಿರಿದು, ಹಿಂಸೆಗೊಳಗಾದವರ ಕಾಲ ಹಿರಿದು. ರೋಮಿನ ಕತ್ತಿಯ ಕೆಳಗಿದ್ದವರಿಗೆ ಯೋಹಾನ ಕಳಿಸಿದ ಸಮಾಧಾನ ಇದೇ. ಅದನ್ನು ಕ್ಯಾಲೆಂಡರಿನ ತಾರೀಖಾಗಿ ಮಾಡಿದಾಗಲೆಲ್ಲ ಪೆಟ್ಟು ಬಿದ್ದದ್ದು ನಂಬಿದ ಬಡವರಿಗೆ. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂದು ಯೇಸುವೇ ಹೇಳಿರುವಾಗ, ಸಭೆಯ ವೇದಿಕೆಯಿಂದ ತಾರೀಖು ಹೇಳುವವರ ಮಾತಿಗೆ ಮನೆಮಠ ಮಾರಿಕೊಳ್ಳಬೇಡಿ.

ಪ್ರಕಟನೆಯ 20ನೆಯ ಅಧ್ಯಾಯದಲ್ಲಿರುವುದು ಹದಿನೈದೇ ವಚನ. ನಿಮ್ಮ ಓದನ್ನು ಒಪ್ಪದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆರ್ಸಿನೊಯೆಯ ಆ ಹಳ್ಳಿಗರಂತೆ, ಅದನ್ನು ನಿಧಾನವಾಗಿ ಓದಿ. ಮೂರು ದಿನ ಹಿಡಿದರೂ ಹಿಡಿಯಲಿ.