ವಿಭೂತಿಹಳ್ಳಿಯ ಕಲ್ಲುಸಾಲು

ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಕಡೆಯದ, ಕೆತ್ತದ ದೊಡ್ಡ ಗುಂಡುಗಲ್ಲುಗಳು ಬಯಲಿನಲ್ಲಿ ಸಾಲುಹಿಡಿದು ಕೂತಿವೆ. ಒಂದು ಸಾಲಿನ ಎರಡು ಕಲ್ಲುಗಳ ನಡುವಿನ ತೆರವಿಗೆ ಎದುರಾಗಿ ಮುಂದಿನ ಸಾಲಿನ ಕಲ್ಲು ಬರುತ್ತದೆ. ಸುರಪುರದ ನೈಋತ್ಯಕ್ಕೆ, ಕೃಷ್ಣೆಯ ಕಡೆಗಿರುವ ಹನಮಸಾಗರದ ಸಾಲುಗಳು ಇನ್ನೂ ದೊಡ್ಡವು: ಸುಮಾರು 600 ಮೀಟರ್ ಉದ್ದಗಲದ ನೆಲದಲ್ಲಿ ಹತ್ತಿರಹತ್ತಿರ 2,500 ಕಲ್ಲುಗಳು. ಅದೇ ಸೀಮೆಯ ರಾಜನಕೋಳೂರಿನಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಮನೆಗಳಿವೆ. ಜನ ಅಂಥವನ್ನು ಮೋರ್ಯರ ಮನೆ ಎನ್ನುತ್ತಾರೆ. ಕಲ್ಲುಸಾಲುಗಳನ್ನೂ ಬೃಹತ್ ಶಿಲಾ ಸಂಸ್ಕೃತಿಯ ನೆಲೆಗಳೊಡನೆಯೇ ಎಣಿಸುವ ರೂಢಿಯಿದೆ, ಆದರೆ ಇವು ಸಮಾಧಿಗಳಲ್ಲ.

1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್ ಇವನ್ನು ಮೊದಲು ಬರಹಕ್ಕೆ ತಂದವರು. ಆ ಕಾಲದ ಯೂರೋಪಿನ ವಿದ್ವಾಂಸರಂತೆ ಅವರಿಗೂ ಇಲ್ಲಿ ಸಿಥಿಯನ್ನರು, ಡ್ರೂಯಿಡರೇ ಕಂಡರು. ಆ ಊಹೆ ಬಿದ್ದುಹೋಯಿತು. ನೆಲೆಗಳ ವಿವರಣೆ ಮಾತ್ರ ಈಗಲೂ ಉಪಯೋಗಕ್ಕೆ ಬರುತ್ತದೆ. 1956ರಲ್ಲಿ ಎಫ್. ಆರ್. ಆಲ್ಚಿನ್ ದಕ್ಷಿಣ ಹೈದರಾಬಾದ್ ಪ್ರಾಂತದ ಕಲ್ಲುಸಾಲುಗಳ ಮೇಲೆ ಪ್ರತ್ಯೇಕ ಲೇಖನ ಬರೆದರು.

ಈ ಸಾಲುಗಳಿಗೂ ಆಕಾಶಕ್ಕೂ ನಂಟಿದೆಯೇ ಎಂಬ ಪ್ರಶ್ನೆ ಎತ್ತಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್. ಜಲಜನಕ ತೀರ ಕಡಿಮೆಯಿರುವ ಅಪರೂಪದ ನಕ್ಷತ್ರಗಳು ಅವರ ಮುಖ್ಯ ಕ್ಷೇತ್ರ. 1993ರಲ್ಲಿ ಪ್ರಕಟವಾದ ಬರಹದಲ್ಲಿ ಅವರು ನಮ್ಮ ಸೂರ್ಯನ ಕಡೆಗೆ ತಿರುಗಿದರು. ಸಾಲುಗಳ ಗುಂಟ ನೋಡಿದರೆ ವಿಷುವದ ದಿನಗಳ ಮತ್ತು ಅಯನ ಬದಲಾಗುವ ದಿನಗಳ ಸೂರ್ಯೋದಯ, ಸೂರ್ಯಾಸ್ತದ ದಿಕ್ಕು ಸಿಗುತ್ತದೆ, ಇದು ಋತು ಗುರುತಿಸುವ ಏರ್ಪಾಡಾಗಿರಬಹುದು ಎಂಬುದು ಅವರ ವಾದ. ಮುಂದೆ ಪ್ರಿಯಾ ಠಾಕೂರ್ ಅವರೊಡನೆ ಈ ಅಧ್ಯಯನ ಬೆಳೆಯಿತು.

ವಾದಕ್ಕೆ ಬಲವೂ ಇದೆ, ತೊಡಕೂ ಇದೆ. ವಿಷುವದ ಆಸುಪಾಸಿನಲ್ಲಿ ಸೂರ್ಯ ಹುಟ್ಟುವ ಜಾಗ ದಿನಕ್ಕೆ ಸುಮಾರು 0.4 ಡಿಗ್ರಿ ಸರಿಯುವುದರಿಂದ ಪೂರ್ವ-ಪಶ್ಚಿಮದ ಸಾಲು ಆ ದಿನವನ್ನು ಚೆನ್ನಾಗಿ ಹಿಡಿದುಕೊಡುತ್ತದೆ. ಜೂನ್ ಕೊನೆಗೆ ಆ ಚಲನೆ ನಿಂತಂತೆಯೇ. ಶಹಾಪುರದ ಅಕ್ಷಾಂಶದಲ್ಲಿ ಆಗ ಸೂರ್ಯ ಪೂರ್ವದಿಂದ ಉತ್ತರಕ್ಕೆ ಸುಮಾರು 24.5 ಡಿಗ್ರಿಯಲ್ಲಿ ಹುಟ್ಟುತ್ತಾನೆ. ಕರ್ಣಗಳು ನಾಲ್ಕು ದಿಕ್ಕಿಗೆ ಹೊಂದಿದ ಚೌಕಗಳ ಜಾಲದಲ್ಲಿ, ಪೂರ್ವಕ್ಕೆ ಎರಡು ಪಾಲು, ಉತ್ತರಕ್ಕೆ ಒಂದು ಪಾಲು ಹೋಗುವ ಗೆರೆ 26.6 ಡಿಗ್ರಿ ತೋರಿಸುತ್ತದೆ. ಎರಡು ಡಿಗ್ರಿಯ ಈ ಅಂತರದಲ್ಲಿ ನಾಲ್ಕು ಸೂರ್ಯಬಿಂಬಗಳು ಹಿಡಿಸುತ್ತವೆ. ಮೇಲಾಗಿ ಸಾವಿರಾರು ಕಲ್ಲಿನ ಜಾಲದಲ್ಲಿ ಹುಡುಕಿದ ದಿಕ್ಕಿಗೆಲ್ಲ ಒಂದಲ್ಲ ಒಂದು ಗೆರೆ ಸಿಕ್ಕೇ ಸಿಗುತ್ತದೆ. ಆದ್ದರಿಂದ ಪೂರ್ವ-ಪಶ್ಚಿಮದ ಜೋಡಣೆಯನ್ನು ನಂಬುವಷ್ಟು ಸುಲಭವಾಗಿ ಅಯನದ ಗೆರೆಗಳನ್ನು ನಂಬಲಾಗದು.